ಕೊಂಬುಮಲೆಯ ಬರಿಗಾಲ ಕಳ್ಳ

ತಡೆಯಿರಿ, ಪುಟ ತಿರುವಬೇಡಿ, ಇದನ್ನು ಕೊನೆಯವರೆಗೂ ಕೇಳಲೇಬೇಕು. ಈ ವಾರ ನಿಮಗೆ ಕಳ್ಳನ ಹೆಜ್ಜೆ ತೋರಿಸುತ್ತೇನೆ! ಮಾತಿಗೆ ಹೇಳುವ ಹೆಜ್ಜೆಯಲ್ಲ, ಬೆರಳು, ಅಂಗಾಲು, ಹಿಮ್ಮಡಿ ಎಲ್ಲಾ ಮೂಡಿರುವ ನಿಜವಾದ ಹೆಜ್ಜೆ. ಆದರೆ ಅದು ಸಿಕ್ಕ ಜಾಗಕ್ಕೆ ಹೋಗಬೇಕಾದರೆ ನಮ್ಮ ಜೊತೆ ಈ ಏರು ಹತ್ತಬೇಕು. ಬನ್ನಿ.

"ಯುವಶ್ರೀ, ಮಾತು ಕಮ್ಮಿ ಮಾಡು ಪುಳ್ಳೆ. ಉಸುರು ಉಳಿಸ್ಕೋ," ಅಂದಳು ಮುಂದೆ ನಡೆಯುತ್ತಿದ್ದ ಅತ್ತೆ.

"ನಾನೆಲ್ಲಿ ಮಾತಾಡ್ದೆ?"

"ಗೇಟಿಂದ ಬಾಯಿ ಮುಚ್ಚಿಲ್ಲ ನೀನು. ಈ ಬೆಟ್ಟದ ಕುರುವಿ ಹಕ್ಕಿಗಳಿಗೂ ಕೂಗಕ್ಕೆ ಒಂದು ಚಾನ್ಸ್ ಕೊಡು."

ಅತ್ತೆ ಅಂದರೆ ನನ್ನ ಅಪ್ಪನ ತಂಗಿ ಮಣಿಮೇಗಲೈ, ನನ್ನನ್ನು ಇವತ್ತಿಗೂ ಪುಳ್ಳೆ, ಅಂದರೆ ಮಗು, ಅಂತಲೇ ಕರೆಯುವವಳು. ದಿಂಡಿಗಲ್ಲಿನಲ್ಲಿ ಒಂದು ವಿಮಾ ಕಂಪನಿಗೆ ಕ್ಲೈಮುಗಳ ತನಿಖೆ ಮಾಡುವವಳು. ಗಾಡಿ ಸುಟ್ಟಿತು, ಗೋಡೌನು ಮುಳುಗಿತು, ಹಸು ಸತ್ತಿತು ಅಂತ ಯಾರು ಬರೆದುಕೊಟ್ಟರೂ ಹೋಗಿ ನೋಡಿ, ಮೂಸಿ, ನಿಜವೋ ಸುಳ್ಳೋ ಹೇಳುವ ಕೆಲಸ. ನೂಲಿನ ಸೀರೆ, ಮೇಲೊಂದು ಗಂಡಸರ ಸ್ವೆಟರು, ಕಾಲಿಗೆ ಮಾಸಿದ ಕ್ಯಾನ್ವಾಸ್ ಶೂ. ಅಷ್ಟನ್ನೇ ತೊಟ್ಟು ಅವಳು ಸರಸರ ಹತ್ತುತ್ತಿದ್ದಳು. ನಾನು ಹೊಸ ಟ್ರೆಕ್ಕಿಂಗ್ ಶೂ, ಕೋಲು, ಬೈನಾಕ್ಯುಲರ್ ಎಲ್ಲಾ ಹೇರಿಕೊಂಡು ಹಿಂದೆ ಏದುಸಿರು ಬಿಡುತ್ತಿದ್ದೆ.

ಕಥೆಯನ್ನು ಇಂದೇ ಹಿಡಿದವರಿಗೆ ಒಂದೇ ಮಾತು: ನಮ್ಮ ಮನೆಯವರು ದೇವರಿಗೆ ಬಿಟ್ಟ ಹೋರಿ ಕೆಂದ ಕೊಂಬುಮಲೆಯಿಂದ ಕಾಣೆಯಾಗಿದ್ದಾನೆ, ಕದಿಸಿದವನು ಅತ್ತೆಯ ಮಗ ಮುತ್ತುಕುಮಾರ್ ಅಂತ ಊರು ತೀರ್ಮಾನಿಸಿದೆ, ಇವತ್ತು ಮಧ್ಯಾಹ್ನ ತಮಿಳುನಾಡಿನಲ್ಲಿ ತಲೆಮಾರುಗಳಿಂದ ನೆಲೆಸಿದ ನಮ್ಮ ಕನ್ನಡ ಕುಲದ ಹಿರಿಯರು ಕಂಬಂನಲ್ಲಿ ಸೇರಿ ಅವನನ್ನು ಪೊಲೀಸರ ಕೈಗೆ ಕೊಡಲಿದ್ದಾರೆ.

ಅಂದರೆ ನಮಗಿದ್ದದ್ದು ಆ ಬೆಳಿಗ್ಗೆ ಮಾತ್ರ.

ಮುತ್ತುಕುಮಾರ್ ನನಗೆ ಬಾವ. ಅತ್ತೆಯ ಮಗ ಅಂದಮೇಲೆ ಕೇಳಬೇಕೆ, ಊರಿನ ಹೆಂಗಸರೆಲ್ಲಾ ನಮ್ಮಿಬ್ಬರನ್ನು ಜೋಡಿಸಿ ಕೀಟಲೆ ಮಾಡುತ್ತಾರೆ. ನಾವಿಬ್ಬರೂ ಜೊತೆಯಾಗಿ ಅವರನ್ನು ಬೈಯುತ್ತೇವೆ. ಅದು ಬೇರೆ ವಿಷಯ. ಅರಣ್ಯ ಇಲಾಖೆಗೆ ಅಲೆದು ಅಲೆದು ಒಪ್ಪಿಗೆ ತಂದು, ಮುಳ್ಳು ಸವರಿ, ಬಂಡೆಗಳ ಮೇಲೆ ಹಳದಿ ಬಾಣ ಬರೆದು ಟ್ರೆಕ್ಕಿಂಗಿಗೆ ಬರುವವರಿಗಾಗಿ ಈ ಸುತ್ತು ದಾರಿ ಮಾಡಿದವನು ಅವನೇ. ಗೇಟಿನಿಂದ ಹೊರಟು ಹುಲ್ಲಿನ ದಿಣ್ಣೆ ಹತ್ತಿ, ಕೆರೆಯಂಚಿಗೆ ಇಳಿದು, ಮತ್ತೆ ಏರಿ, ಅಣೆಕಟ್ಟಿನ ಮೇಲೆ ಹಾದು ಅದೇ ಗೇಟಿಗೆ ಬರಬೇಕು. ತೀರಾ ಸುಲಭವಲ್ಲ, ಅಳು ಬರುವಷ್ಟು ಕಷ್ಟವೂ ಅಲ್ಲ. ಮೂರು ಕಡೆ ಕೆರೆ ಚೆನ್ನಾಗಿ ಕಾಣುತ್ತದೆ. ಆ ಮೂರಕ್ಕೂ ಬಾವ ಹೆಸರಿಟ್ಟಿದ್ದಾನೆ: ಮೊದಲ ನೋಟ, ನಡು ನೋಟ, ಕಡೆ ನೋಟ.

ಅವನ ಮೊದಲ ಗುಂಪು ನಡೆದ ದಿನವೇ ಕೆಂದ ಮಾಯ. ಅವತ್ತಿನಿಂದ ದಾರಿ ಬಂದ್. ರೇಂಜರ್ ಹತ್ತಿರ ಬೇಡಿಕೊಂಡು ಅತ್ತೆ ಈ ಒಂದು ಬೆಳಿಗ್ಗೆಗೆ ಗೇಟು ತೆಗೆಸಿದ್ದಳು.

ಮೊದಲ ನೋಟ ತಲುಪಿದ್ದೇ ನಾನು ಕೂಗಿಬಿಟ್ಟೆ. ಕೆಳಗೆ ಮಾರ್ಗಳಿ ತಿಂಗಳ ಮಂಜು, ಅದು ಸರಿದಲ್ಲೆಲ್ಲಾ ದ್ರಾಕ್ಷಿ ಚಪ್ಪರಗಳು, ದೂರದಲ್ಲಿ ಆಂಡಿಪಟ್ಟಿ ಕಡೆಯ ಒಣ ಗುಡ್ಡಗಳು. ಈಚೆಗೆ ತಿರುಗಿದರೆ ಕೊಂಬಿನಂಥ ಎರಡು ಶಿಖರಗಳ ನಡುವೆ ಕೆರೆ, ಯಾರೋ ಸ್ಟೀಲ್ ತಟ್ಟೆ ಉಜ್ಜಿ ಬಿಸಿಲಿಗೆ ಒಣಗಿಸಿದ ಹಾಗೆ. ಕಳ್ಳನನ್ನು ಹುಡುಕಲು ಬಂದವಳು ನಾನು ಅನ್ನುವುದೇ ಮರೆತುಹೋಗಿತ್ತು.

"ಮೇಡಂ... ಇನ್ನೂ ಎಷ್ಟು ದೂರ?"

ಹಿಂದಿನಿಂದ ಬಂದ ಈ ದನಿ ತಮಿಳ್‌ಸೆಲ್ವನ್‌ನದು. ಒಡ್ಡನ್‌ಛತ್ರಂ ಮಾರುಕಟ್ಟೆಯ ತರಕಾರಿ ವ್ಯಾಪಾರಿ, ಮೈಸೂರಿಗೆ ಲಾರಿ ಕಳಿಸಿ ಕಳಿಸಿ ಕನ್ನಡ ಕಲಿತವನು. ಬಾವನ ಆ ಮೊದಲ ಗುಂಪಿನಲ್ಲಿ ಅವನೂ ಇದ್ದ. ಮಾರನೆಯ ದಿನ ಬತ್ತಲಗುಂಡಿನಲ್ಲಿ ಅವನ ಪಿಕಪ್ ಗಾಡಿಯ ಹಿಂದೆ ದನ ನಿಂತಿದ್ದನ್ನು ನಮ್ಮವರು ಯಾರೋ ಕಂಡಿದ್ದರು. ಸಾಕಲ್ಲ? ಮುತ್ತುಕುಮಾರ್ ದಾರಿ ತೋರಿಸಿದ, ಇವನು ಹೊಡೆದುಕೊಂಡು ಹೋದ, ಕೆಂದ ಕೇರಳದ ಗಡಿ ದಾಟಿ ಕಸಾಯಿಖಾನೆ ಸೇರಿದ. ಊರಿನ ಕಥೆ ಅಷ್ಟೇ. ಹುಡುಕಿದವರೆಲ್ಲಾ ಕೇರಳದ ರಸ್ತೆಯನ್ನೇ ಹುಡುಕಿದ್ದರು.

"ಅವತ್ತು ಸುತ್ತು ಪೂರ್ತಿ ಮುಗಿಸಿದೀರಿ ತಾನೇ? ಎಷ್ಟು ದೂರ ಅಂತ ನೀವೇ ನಮಗೆ ಹೇಳ್ಬೇಕು," ಅಂದಳು ಅತ್ತೆ.

"ಮುಗಿಸಿದೆ ಮೇಡಂ, ಮುಗಿಸಿದೆ. ಸ್ಟೇಟಸ್ ಕೂಡಾ ಹಾಕಿದ್ದೆ."

ನಾನು ಆ ಸ್ಟೇಟಸ್ ನೋಡಿದ್ದೆ. 'ಕೊಂಬುಮಲೆ ಗೆದ್ದೆ' ಅಂತ ಬರೆದು ಉಬ್ಬಿದ ತೋಳಿನ ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದ. ಗೆದ್ದವನು ಈಗ ಬಂಡೆಯ ಮೇಲೆ ಕೂತು ನೀರಿನ ಬಾಟಲಿಯನ್ನು ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದ.

ನಡು ನೋಟದಲ್ಲಿ ನನ್ನ ಫೋನಿಗೆ ಸಿಗ್ನಲ್ ಬಂತು, ಬಂದದ್ದೇ ಅಪ್ಪನ ಕರೆಯೂ ಬಂತು.

ಅಪ್ಪ, ಲಕ್ಷ್ಮಣನ್, ಕಂಬಂ ಪಕ್ಕದಲ್ಲಿ ದ್ರಾಕ್ಷಿ ಬೆಳೆಯುವವನು. ಕೆಂದ ಕಾಣೆಯಾದಾಗ ಎಲ್ಲರಿಗಿಂತ ಹೆಚ್ಚು ನೊಂದವನು ಅವನೇ. ಕೆಂದ ಕರುವಾಗಿದ್ದಾಗ ಅವನ ಹಣೆಗೆ ಅರಿಶಿನ ಹಚ್ಚಿ ದೇವರಿಗೆ ಬಿಟ್ಟವಳು ನನ್ನ ಅಜ್ಜಿ ರಂಗಮ್ಮಾಳ್, ಅಪ್ಪನ ಅಮ್ಮ. ಅದಕ್ಕೇ ಅಪ್ಪ ಹಿರಿಯರ ಮುಂದೆ ಕಣ್ಣೀರು ಹಾಕಿಕೊಂಡು ಕೂಗಾಡಿದ್ದ, ಸ್ವಂತ ತಂಗಿಯ ಮಗ ಅಂತಲೂ ನೋಡದೆ ಬಾವನ ಕಡೆ ಬೆರಳು ತೋರಿಸಿದ್ದ, ಮೊದಲು ಆ ದಾರಿ ಮುಚ್ಚಿಸಿ ಅಂತ ಹಠ ಹಿಡಿದಿದ್ದ.

"ಎಲ್ಲಿದೀಯಾ ಕಣ್ಣೂ?" ಅಪ್ಪನ ದನಿಯ ಹಿಂದೆ ಗಾಳಿ ಭರ್ರೆನ್ನುತ್ತಿತ್ತು.

"ಕೊಂಬುಮಲೆಲಿ ಅಪ್ಪಾ! ಅತ್ತೆ ಜೊತೆ. ನೀನು?"

ಆ ಕಡೆ ಒಂದು ಕ್ಷಣ ಬರೀ ಗಾಳಿ.

"ನಾ ತೋಟದಲ್ಲಿ. ಒಳಗೆ ಬಿಟ್ಟಿದ್ದು ಯಾರು ನಿಮ್ಮನ್ನ?"

"ಅತ್ತೆ ರೇಂಜರ್ ಹತ್ರ ಮಾತಾಡಿದಳು. ಅಪ್ಪಾ, ಇಲ್ಲಿ ಕೆರೆ ಎಷ್ಟು ಚೆಂದ ಐತೆ ಗೊತ್ತಾ..."

"ಮಂಜು ಇಳೀತಾ ಐತೆ ಕಣ್ಣೂ, ಮುಂದಕ್ಕೆ ಹೋಗ್ಬ್ಯಾಡಿ. ಕಡೆ ನೋಟದ ಕಡೆ ಕಾಲು ಜಾರ್ತದೆ. ನಡು ನೋಟದಿಂದ ಅಡ್ಡದಾರಿ ಐತಲ್ಲ, ಅದ್ರಲ್ಲೇ ಇಳಿದುಬಿಡಿ. ಸೆರಿಯಾ?"

"ಸೆರಿ ಅಪ್ಪಾ," ಅಂದೆ. ಇಳಿಯುವ ಯೋಚನೆ ನನಗೆ ಕೂದಲೆಳೆಯಷ್ಟೂ ಇರಲಿಲ್ಲ. ಬಾವ ಕೆಳಗೆ ಕಂಬಂನ ಸಭಾಮಂಟಪದಲ್ಲಿ ಬೆಳಿಗ್ಗೆಯಿಂದ ತಲೆ ತಗ್ಗಿಸಿ ಕೂತಿದ್ದಾನೆ, ನಾನು ಮಂಜಿಗೆ ಹೆದರಿ ಮನೆಗೆ ಹೋಗುವುದೆ?

ದಾರಿ ಕೆರೆಯಂಚಿಗೆ ಇಳಿಯಿತು. ಅಲ್ಲೊಂದು ಗಡಿಗಲ್ಲು. ಅದರ ಆಚೆ ದೇವರ ಆವುಗಳ ನೆಲ.

ಕೇಳಿ, ಇದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕೂಟದ, ಅಂದರೆ ನಮ್ಮ ಕುಲದ, ಮನೆಗಳು ದೇವರಿಗೆಂದು ಬಿಟ್ಟ ದನಗಳೆಲ್ಲಾ ಈ ಬೆಟ್ಟದಲ್ಲಿ ಒಂದೇ ಹಿಂಡಾಗಿ ಮೇಯುತ್ತವೆ. ಅವಕ್ಕೆ ಮೂಗುದಾರವಿಲ್ಲ, ನೊಗವಿಲ್ಲ. ಯಾರೂ ಕೈಯಾರೆ ತಿನ್ನಿಸುವ ಹಾಗಿಲ್ಲ. ಗಡಿಗಲ್ಲಿನಿಂದ ಒಳಗೆ ನಮ್ಮವರು ಯಾರೇ ಬರಲಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡೇ ನಡೆಯುವುದು. ಯಾರೂ ಹೇಳಿಕೊಡುವುದಿಲ್ಲ, ಚಿಕ್ಕಂದಿನಲ್ಲೇ ಕಾಲಿಗೆ ಅದು ರೂಢಿಯಾಗಿಬಿಡುತ್ತದೆ. ಅತ್ತೆ ಮಾತಾಡುತ್ತಲೇ ಶೂ ಕಳಚಿದಳು. ನಾನು ಕೆರೆ ನೋಡುತ್ತಲೇ ಕಳಚಿದೆ.

ತಮಿಳ್‌ಸೆಲ್ವನ್ ನೀಲಿ ಶೂಗಳಲ್ಲಿ ದಪದಪ ಒಳಗೆ ನಡೆದ.

"ಏ, ಶೂ!" ಅಂದೆ ನಾನು.

"ಅಯ್ಯಯ್ಯೋ!" ಅವನು ಎಗರಿ ಹಿಂದಕ್ಕೆ ಬಂದ. "ಅವತ್ತೂ ಹೀಗೇ ಆಯ್ತು. ಮುತ್ತು ತಂಬಿ ಎಷ್ಟು ಬೈದ್ರು! ಮತ್ತೆ ಮರೆತೇಬಿಟ್ಟೆ ಮೇಡಂ."

ಅತ್ತೆ ನಕ್ಕಳು. ಅವತ್ತಿನ ಮೊದಲ ನಗು. ಯಾಕೆ ಅಂತ ನನಗೆ ತಿಳಿಯಲಿಲ್ಲ. ಅವಳು ಕಲ್ಲಿನ ಮೇಲೆ ಕೂತು, ಅವನಿಗೂ ಎದುರುಗಡೆ ಜಾಗ ತೋರಿಸಿದಳು.

"ಅವತ್ತು ಕೆಂದ ಇಲ್ಲೇ ಇದ್ದನಾ?"

"ಇತ್ತು ಮೇಡಂ. ಹಣೆ ಮೇಲೆ ಬಿಳಿ ಚುಕ್ಕಿ. ಪಕ್ಕ ನಿಂತು ಫೋಟೋ ತೆಗೆಸ್ಕೊಂಡೆ."

"ಆಮೇಲೆ?"

"ಆಮೇಲೆ ಎಲ್ಲರ ಜೊತೆ ಕಡೆ ನೋಟ, ಅಣೆಕಟ್ಟು, ಗೇಟು."

"ಕಡೆ ನೋಟದಿಂದ ಏನು ಕಾಣ್ತದೆ?"

"ಕೆರೆ."

"ಕೆರೆ ಎಲ್ಲಾ ಕಡೆಯಿಂದ್ಲೂ ಕಾಣ್ತದೆ. ಅಲ್ಲಿಂದ ಮಾತ್ರ ಕಾಣೋದು ಏನು?"

ಅವನು ಆಕಾಶ ನೋಡಿದ. ತನ್ನ ಸಾಕ್ಸ್ ನೋಡಿದ. ಕೊನೆಗೆ ಸಹಾಯಕ್ಕೆಂಬಂತೆ ನನ್ನ ಮುಖ ನೋಡಿದ.

"ಗುಂಪಿನವರ ಫೋಟೋ ಒಂದೂ ಬಿಡದೆ ನೋಡಿದೀನಿ," ಅಂದಳು ಅತ್ತೆ, ಮೃದುವಾಗಿ. "ಇಲ್ಲಿವರೆಗೂ ಎಲ್ಲದರಲ್ಲೂ ನೀವಿದೀರಿ, ನಡುವೆ ನಿಂತು ಹಲ್ಲು ಕಿರೀತಾ. ಇಲ್ಲಿಂದ ಮುಂದಕ್ಕೆ ಒಂದರಲ್ಲೂ ಇಲ್ಲ. ಎಲ್ಲಿ ಹೋಗಿದ್ರಿ?"

"ಸಿಕ್ಕಿಬಿದ್ರಿ!" ನಾನು ಕೋಲು ಎತ್ತಿಕೊಂಡು ನಿಂತೇಬಿಟ್ಟೆ. "ಕೆಂದ ಎಲ್ಲಿ, ಹೇಳಿ!"

"ಏ ಪುಳ್ಳೆ, ಕೋಲು ಕೆಳಗಿಡು."

"ಸತ್ಯಮಾ ನಾನ್ ಇಲ್ಲೆ ಮೇಡಂ!" ಹೆದರಿಕೆಗೆ ಅವನ ಮೈಸೂರು ಕನ್ನಡ ಹಾರಿಹೋಗಿ ತಮಿಳು ಹೊರಬಂತು. "ಸತ್ಯವಾಗ್ಲೂ ನಾನಲ್ಲ!" ಅಂತ ಸಾವರಿಸಿಕೊಂಡು ಮುಂದುವರಿಸಿದ. "ಮೊಣಕಾಲು ನೋವು ಮೇಡಂ. ಇಲ್ಲಿಗೇ ಪ್ರಾಣ ಹೋಗಿತ್ತು. ಯಾರಿಗೂ ಹೇಳ್ದೆ ವಾಪಸ್ ನಡು ನೋಟಕ್ಕೆ ಹೋಗಿ ಅಡ್ಡದಾರಿ ಹಿಡಿದೆ. ಕೆಳಗೆ 'ಟೀ ಕಡೈ'ನಲ್ಲಿ ಕೂತು ಮೆಣಸಿನಕಾಯಿ ಬಜ್ಜಿ ತಿಂದೆ. ಎಲ್ಲರೂ ಗೇಟಿಗೆ ಬಂದ್ಮೇಲೆ ಜೊತೆಗೆ ಸೇರ್ಕೊಂಡೆ."

"ಅಷ್ಟಕ್ಕೆ ಸುಳ್ಳು ಯಾಕೆ ಹೇಳಿದ್ರಿ? ಊರೆಲ್ಲಾ ಕಳ್ಳ ಅಂತಿದೆ ನಿಮ್ಮನ್ನ!"

"ಸ್ಟೇಟಸ್ ಹಾಕಿಬಿಟ್ಟಿದ್ದೆ ಮಾ. ನಮ್ಮ ಮಾವನ ಮನೆಯವರೆಲ್ಲಾ ಚಪ್ಪಾಳೆ ಕಳಿಸಿದ್ರು. ಅವರು ನನ್ನ ಯಾವಾಗ ಹೊಗಳಿದ್ರು ಹೇಳು? ಅದೇ ಮೊದಲು."

ನನಗೆ ಕೋಪವೂ ಬಂತು, ನಗುವೂ ಬಂತು.

"ಟೀ ಅಂಗಡಿ ಕರುಪ್ಪಾಯಿ ಇದನ್ನ ನಂಗೆ ನಿನ್ನೇನೇ ಹೇಳಿದಳು," ಅಂದಳು ಅತ್ತೆ. "ಪಿಕಪ್ಪಲ್ಲಿ ಇದ್ದದ್ದು ಹಾಲಿನ ಹಸು ಅಂತಾನೂ ಗೊತ್ತು. ನಿಮ್ಮನೆಗೆ ಹೋಗಿದ್ದೆ. ನಿಮ್ಮ ಹೆಂಡ್ತಿ ವಳ್ಳಿ ಮಜ್ಜಿಗೆ ಕೊಟ್ಟಳು, ಹಸು ನಂಗೆ ಒದೀತು."

"ಎಲ್ಲಾ ಗೊತ್ತಿದ್ಮೇಲೆ ಇವರನ್ನ ಇಷ್ಟು ದೂರ ಯಾಕೆ ಎಳ್ಕೊಂಡು ಬಂದೆ ಅತ್ತೆ?"

"ಕಾಲು ನೋಡಕ್ಕೆ."

ಅವಳು ಎದ್ದು ನೀರಿನಂಚಿಗೆ ನಡೆದಳು. ಕೆಂದ ಹೋದ ದಿನ ಬೆಳಿಗ್ಗೆ ಮಳೆ ಹನಿದಿತ್ತಂತೆ. ಆಮೇಲೆ ಬಂದ ಬಿಸಿಲಿಗೆ ಕೆಸರು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಅದರಲ್ಲಿ ದೊಡ್ಡ ಗೊರಸಿನ ಗುರುತುಗಳು ನೀರಿನ ಕಡೆ ಸಾಲಾಗಿ ಹೋಗಿದ್ದವು. ಹಿಂಡಿನಲ್ಲಿ ಅಷ್ಟು ದೊಡ್ಡ ಗೊರಸು ಕೆಂದನಿಗೆ ಮಾತ್ರ. ಪಕ್ಕದಲ್ಲೇ, ಗೊರಸಿಗೆ ಸಮಸಮವಾಗಿ, ಒಬ್ಬ ಗಂಡಸಿನ ಬರಿಗಾಲು.

"ಇದನ್ನು ಎಲ್ಲರೂ ನೋಡಿದಾರೆ ಅತ್ತೆ. ಅಪ್ಪನೂ ನೋಡಿದ, ಹಿರಿಯರೂ ನೋಡಿದ್ರು."

"ನೋಡಿದ್ರು. ಆದ್ರೆ ಬರಿಗಾಲು ಅಂತ ಒಬ್ಬರಿಗೂ ವಿಚಿತ್ರ ಅನಿಸ್ಲಿಲ್ಲ. ನಾವೆಲ್ಲಾ ಇಲ್ಲಿ ಬರಿಗಾಲೇ ತಾನೇ? ನೀನೇ ಯೋಚ್ನೆ ಮಾಡು ಪುಳ್ಳೆ. ದೇವರ ಹೋರಿ ಕದಿಯೋಕೆ ಬಂದವನು. ಸುತ್ತ ಮುಳ್ಳು, ಚೂಪುಗಲ್ಲು. ಯಾರಾದ್ರೂ ನೋಡಿದ್ರೆ ಓಡ್ಬೇಕು. ಅಂಥವನು ಗಡಿಗಲ್ಲಿನ ಹತ್ರ ನಿಂತು ಚಪ್ಪಲಿ ಬಿಟ್ಟು ಒಳಗೆ ಬರ್ತಾನಾ?"

ನನ್ನ ಕೂದಲು ನೆಟ್ಟಗಾಯಿತು. ನಿಜವಾಗಿಯೂ!

"ಹೊರಗಿನವನಾದ್ರೆ ಇವರ ಥರ ಶೂ ಹಾಕ್ಕೊಂಡೇ ನುಗ್ತಾನೆ. ಎರಡನೇ ಸಲನೂ ಮರೀತಾನೆ. ಚಪ್ಪಲಿ ಬಿಟ್ಟು ಕದಿಯೋದು ನಮ್ಮವರು ಮಾತ್ರ. ಕಳ್ಳತನ ಮಾಡಕ್ಕೆ ಮನಸ್ಸು ಒಪ್ತು, ಚಪ್ಪಲಿ ಹಾಕ್ಕೊಂಡು ಬರಕ್ಕೆ ಕಾಲು ಒಪ್ಲಿಲ್ಲ."

ನಾನು ಚಪ್ಪಾಳೆ ತಟ್ಟಿದೆ. ತಮಿಳ್‌ಸೆಲ್ವನ್ ನನಗಿಂತ ಜೋರಾಗಿ ತಟ್ಟಿದ. ಆಮೇಲೆ ನನಗೆ ಹೊಳೆಯಿತು.

"ಅತ್ತೆ... ಬಾವನೂ ನಮ್ಮವನೇ."

"ಗೊತ್ತು."

ಅವಳು ಬಗ್ಗಿ ತನ್ನ ಗೇಣಿನಿಂದ ಆ ಹೆಜ್ಜೆಯನ್ನು ಅಳೆದಳು. ಎದ್ದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಮುತ್ತುವಿನ ಪಾದಾನೂ ಹೆಚ್ಚುಕಮ್ಮಿ ಇಷ್ಟೇ," ಅಂದಳು. "ಇದನ್ನ ಹೋಗಿ ಹಿರಿಯರ ಮುಂದೆ ಹೇಳಿದ್ರೆ ನನ್ನ ಮಗನ ಕೈಗೆ ನಾನೇ ಬೇಡಿ ಹಾಕಿದ ಹಂಗೆ."

ಬೆಳಿಗ್ಗೆಯಿಂದ ಪತ್ತೇದಾರಳಾಗಿದ್ದವಳು ಆ ಒಂದು ಕ್ಷಣ ಬರೀ ಅಮ್ಮನಾಗಿದ್ದಳು. ನಾನು ಹಿಂದಕ್ಕೊಂದು ಹೆಜ್ಜೆ ಇಟ್ಟೆ.

ಪಚ್!

"ಅಯ್ಯೋ! ಥೂ!"

ಹೌದು, ಸಗಣಿ. ಬರಿಗಾಲು. ಪೊದೆಯ ನೆರಳಿನಲ್ಲಿ ಒಳಗೊಳಗೆ ಹಸಿಯಾಗಿಯೇ ಉಳಿದಿತ್ತು. ತಮಿಳ್‌ಸೆಲ್ವನ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಹುಲ್ಲಿಗೆ ಕಾಲು ಉಜ್ಜುತ್ತಾ ಅವನನ್ನು ಬೈಯುತ್ತಿರುವಾಗ ಬೆರಳ ಸಂದಿಯಲ್ಲಿ ಏನೋ ಚುಚ್ಚಿತು. ಎಳೆದೆ. ಕಪ್ಪು-ನೇರಳೆ ಬಣ್ಣದ ಸಿಪ್ಪೆಯ ಉದ್ದನೆಯ ಸೀಳು. ಪೊದೆಯ ಕೆಳಗೆ ನೋಡಿದರೆ ಅಂಥವೇ ಇನ್ನಷ್ಟು.

"ಕರುಂಬು!" ತಮಿಳ್‌ಸೆಲ್ವನ್‌ನ ನಗು ನಿಂತಿತು. "ಈ ಬೆಟ್ಟದಲ್ಲಿ ಕಬ್ಬು ಎಲ್ಲಿಂದ ಬಂತು?"

"ಟ್ರೆಕ್ಕಿಂಗಿಗೆ ಬಂದವರು ತಿಂದಿರ್ಬೇಕು," ಅಂದೆ.

ಅತ್ತೆ ಒಂದು ಸೀಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮನುಷ್ಯ ತಿಂದ್ರೆ ಹಲ್ಲಲ್ಲಿ ಸುಲೀತಾನೆ, ಅಗಿದು ಉಗೀತಾನೆ. ಇದು ಕತ್ತೀಲಿ ಉದ್ದುದ್ದಕ್ಕೆ ಸೀಳಿದ್ದು, ಬೆರಳು ಗಾತ್ರಕ್ಕೆ. ಯಾಕೆ? ತಿನ್ನೋ ಬಾಯಿಗೆ ಕಬ್ಬು ಹೊಸದು. ಇಡಿಯಾಗಿ ಕೊಟ್ರೆ ಮೂಸಿ ಬಿಟ್ಟುಬಿಡ್ತದೆ."

ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು ಅಂತ ಕಾಣುತ್ತದೆ, ಯಾಕೆಂದರೆ ಇಬ್ಬರೂ ಒಟ್ಟಿಗೇ ಹೇಳಿದೆವು: "ಶುಕ್ರವಾರ!"

"ಏನು ಶುಕ್ರವಾರ?" ತಮಿಳ್‌ಸೆಲ್ವನ್ ಪಿಳಿಪಿಳಿ ನೋಡಿದ.

ನಾನು ಒಂದೇ ಉಸಿರಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ಈ ಹಿಂಡಿಗೆ ಒಬ್ಬ ಅರಸನಿರುತ್ತಾನೆ, ಪಟ್ಟದ ಆವು ಅಂತ ಕರೆಯುವ ಹೋರಿ. ಹಳೆಯ ಅರಸ ಈ ಮಳೆಗಾಲದಲ್ಲಿ ಸತ್ತ. ಬರುವ ಶುಕ್ರವಾರ ಹಿಂಡನ್ನೆಲ್ಲಾ ಸೇರಿಸಿ ಮುಂದೆ ಕಬ್ಬಿನ ಕಂತೆ ಇಡುತ್ತಾರೆ. ಯಾವ ಹೋರಿ ತಾನಾಗಿ ಬಂದು ಮೊದಲು ಬಾಯಿ ಹಾಕುತ್ತದೋ ಅದನ್ನು ದೇವರೇ ಆರಿಸಿದ ಹಾಗೆ. ಅದು ಬದುಕಿರುವವರೆಗೂ ಅದನ್ನು ಬಿಟ್ಟ ಮನೆಗೆ ಎಲ್ಲದರಲ್ಲೂ ಮೊದಲ ಮರ್ಯಾದೆ. ಬೆಟ್ಟದ ಹುಲ್ಲು ಬಿಟ್ಟು ಬೇರೆ ರುಚಿ ಕಾಣದ ಹೋರಿಗಳು ಕಬ್ಬಿನ ಮುಂದೆ ಗಂಟೆಗಟ್ಟಲೆ ಸುಮ್ಮನೆ ನಿಲ್ಲುತ್ತವಂತೆ. ಆದರೆ ಮೊದಲೇ ರುಚಿ ಹತ್ತಿದ್ದರೆ?

"ಓಟಿಗೆ ಮುಂಚೇನೇ ಪೆಟ್ಟಿಗೆ ತುಂಬಿಸಿದ ಹಾಗೆ!" ಅಂದ ತಮಿಳ್‌ಸೆಲ್ವನ್, ಬೆರಗಿನಿಂದ.

"ಕೆಂದನ್ನ ಯಾರೂ ಮಾರಿಲ್ಲ," ಅಂದಳು ಅತ್ತೆ. "ಇಲ್ಲಿ ಕಬ್ಬು ತೋರಿಸಿ ಹಿಂದೆ ಬರೋ ಹಂಗೆ ಮಾಡಿದಾರೆ. ನೀರಲ್ಲಿ ನಡೆಸಿ ಹೆಜ್ಜೆ ಅಳಿಸಿದಾರೆ. ಈಗ ಎಲ್ಲೋ ಹತ್ರಾನೇ ಇಟ್ಕೊಂಡು ದಿನಾ ತಿನ್ನಿಸ್ತಿದಾರೆ. ಗುರುವಾರ ಸಂಜೆ ಕೆಂದ ತಾನಾಗಿ ಹಿಂಡಿಗೆ ಬಂದುಬಿಡ್ತಾನೆ, ನೋಡ್ತಾ ಇರು. ಎಲ್ಲರೂ ಕೈಮುಗೀತಾರೆ."

ಕೆಂದ ಬದುಕಿದ್ದಾನೆ! ನಾನು ಕುಣಿದೆ, ಸಗಣಿ ಕಾಲಿನಲ್ಲೇ. ಹೋರಿಯನ್ನು ತೋರಿಸಿಬಿಟ್ಟರೆ ಮುಗಿಯಿತು, ಬಾವ ಬಚಾವ್. ತಮಿಳ್‌ಸೆಲ್ವನ್ ತನ್ನ ಮೊಣಕಾಲು ಮುಟ್ಟಿ ತೋರಿಸಿ, "ನೀವು ಹೋಗ್ಬನ್ನಿ, ನಾನು ಇಲ್ಲೇ ಕಾವಲಿರ್ತೀನಿ," ಅಂತ ನೆರಳಿನಲ್ಲಿ ಮಲಗಿಯೇಬಿಟ್ಟ. ಈ ಜನ್ಮದಲ್ಲಿ ಅವನು ಸುತ್ತು ಮುಗಿಸುವುದಿಲ್ಲ.

ಇಡೀ ಕೆರೆ, ಅದರ ಮೂಲೆ ಮೂಲೆ ಕಾಣುವುದು ಕಡೆ ನೋಟದಿಂದ. ನಾನು ಅತ್ತೆಗಿಂತ ಮುಂದೆ ಓಡಿದೆ. ಹುಲ್ಲು, ಬಂಡೆ, ಹಳದಿ ಬಾಣ, ಮತ್ತೊಂದು ಬಾಣ, ಗಾಳಿ ಕಿವಿಯಲ್ಲಿ ಸಿಳ್ಳೆ ಹಾಕುತ್ತಿತ್ತು. ತುದಿಗೆ ಬಂದು ನಿಂತಾಗ ಕಾಲ ಕೆಳಗೆ ಕೆರೆ ಪೂರ್ತಿ ಬಿಚ್ಚಿಕೊಂಡಿತು. ಆ ಬದಿಯಲ್ಲಿ ನೆಲ ನಾಲಿಗೆಯ ಹಾಗೆ ನೀರಿನೊಳಕ್ಕೆ ಚಾಚಿತ್ತು, ಅದರ ಮೇಲೆ ಪಾಳುಬಿದ್ದ ಟೀ ಎಸ್ಟೇಟಿನ ಒಂದು ಶೆಡ್ಡು. ಬೇರೆ ಎಲ್ಲಿಂದಲೂ ಆ ಜಾಗ ಕಾಣುವುದಿಲ್ಲ.

ಮಂಜು ಮೇಲಿನ ಶಿಖರದಿಂದ ಇಳಿಯತೊಡಗಿತ್ತು. ಅತ್ತೆ ನನ್ನ ಫೋನು ಇಸಿದುಕೊಂಡಳು, ಅವಳದಕ್ಕೆ ಸಿಗ್ನಲ್ ಇರಲಿಲ್ಲ. ಬಾವನ ಜೊತೆ ಕೂತಿದ್ದವರ ನಂಬರಿಗೆ ಹಚ್ಚುತ್ತಾ, ತನ್ನಷ್ಟಕ್ಕೆ ಮಾತಾಡಿಕೊಳ್ಳುವವಳ ಹಾಗೆ ಕೇಳಿದಳು.

"ಜನ ಇಲ್ಲಿ ಬಂದು ನಿಂತ್ರೆ ಆ ಶೆಡ್ಡು ಕಾಣ್ತದೆ. ಅಂದ್ರೆ ಕಳ್ಳನಿಗೆ ಇಲ್ಲಿ ಜನ ಬರಬಾರ್ದು. ಈ ದಾರಿ ಮುಚ್ಚಿಸ್ಲೇಬೇಕು ಅಂತ ಹಠ ಹಿಡಿದವರು ಯಾರು ಪುಳ್ಳೆ?"

ನಾನು ಬೈನಾಕ್ಯುಲರ್ ಕಣ್ಣಿಗೆ ಇಟ್ಟುಕೊಳ್ಳುತ್ತಿದ್ದೆ. ಕೈ ಅರ್ಧಕ್ಕೇ ನಿಂತಿತು.

"ಕೆಂದ ಅರಸ ಆದ್ರೆ ಮರ್ಯಾದೆ ಯಾರ ಮನೆಗೆ?"

"ನಮ್..." ಅಂದೆ.

"ಕ್ಲೈಮು ಬಂದ್ರೆ ನಾವು ಮೊದಲು ನೋಡೋದು ಕಳಕೊಂಡೆ ಅಂತ ಅಳೋ ಮನುಷ್ಯನ್ನ," ಅಂದಳು ಅತ್ತೆ. ಅವಳ ದನಿ ತೀರಾ ಸಣ್ಣಗಿತ್ತು. "ಈ ಸಲ ಅಣ್ಣ ಅಂತ ಬಿಟ್ಟೆ."

ನಾನು ನೋಡಿದೆ.

ಶೆಡ್ಡಿನ ಮುಂದೆ ಕೆಂದ ನಿಂತಿದ್ದ, ಹಣೆಯ ಬಿಳಿ ಚುಕ್ಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವನ ಮುಂದೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ಕತ್ತಿಯಿಂದ ಕಬ್ಬು ಸೀಳುತ್ತಿದ್ದ, ಸೀಳಿ ಸೀಳಿ ಕೊಡುತ್ತಿದ್ದ. ಕೆಂದ ಕತ್ತು ಚಾಚಿ ಅವನ ಭುಜ ನೆಕ್ಕಿದ. ಆ ಮನುಷ್ಯ ತಲೆ ಹಿಂದಕ್ಕೆ ಹಾಕಿ ನಕ್ಕ. ನಮ್ಮ ಮನೆಯಲ್ಲಿ ಅಪ್ಪ ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇಲ್ಲ.

ಅಪ್ಪ. ನನ್ನ ಅಪ್ಪ. ನಾನು 'ಸೆರಿ ಅಪ್ಪಾ' ಅಂದದ್ದನ್ನು ನಂಬಿ, ಮಗಳು ಬೆಟ್ಟ ಇಳಿದಳು ಅಂದುಕೊಂಡು ಅಲ್ಲಿ ನಿಶ್ಚಿಂತೆಯಾಗಿ ಕೂತಿದ್ದ.

ಅಷ್ಟರಲ್ಲಿ ಮಂಜು ಇಳಿಯಿತು. ಶೆಡ್ಡು ಹೋಯಿತು, ಆ ನಾಲಿಗೆ ಹೋಯಿತು, ಕೆರೆಯೂ ಹೋಯಿತು. ಬೈನಾಕ್ಯುಲರಿನ ತುಂಬಾ ಬಿಳಿ.

ಅತ್ತೆಯ ಕೈಯಲ್ಲಿದ್ದ ಫೋನಿನಿಂದ ಬಾವನ ದನಿ ಬಂತು, ಜೋರಾಗಿ, ಒಡೆದು ಒಡೆದು. "ಅಮ್ಮಾ? ಜೀಪ್ ಬಂದುಬಿಟ್ಟೈತೆ ಅಮ್ಮಾ. ಏಳು ಅಂತಿದಾರೆ. ಏನಾದ್ರೂ ಸಿಕ್ತಾ? ಹಿರಿಯರು ಇಲ್ಲೇ ಇದಾರೆ, ಫೋನ್ ಅವರ ಕೈಗೆ ಕೊಡ್ತೀನಿ, ನೀನೇ ಹೇಳು."

ಅತ್ತೆ ಫೋನಿಗೆ ಅಂಗೈ ಮುಚ್ಚಿದಳು.

"ನಾನು ನೋಡಿಲ್ಲ. ನೋಡಿದವಳು ನೀನು," ಅಂದಳು. "ಬರೀ ಅನುಮಾನದ ಮೇಲೆ ನಾನು ಯಾರ ಹೆಸರೂ ಹೇಳಿದವಳಲ್ಲ. ಮಗನಿಗೋಸ್ಕರನೂ ಹೇಳಲ್ಲ. ನೀ ಏನು ಕಂಡೆ ಅಂತೀಯೋ ಅಷ್ಟೇ ನಾ ಅವರಿಗೆ ಹೇಳೋದು. ಮಂಜು ಇತ್ತು, ಏನೂ ಕಾಣ್ಲಿಲ್ಲ ಅಂದ್ರೂ ಸೆರಿ, ಅದನ್ನೇ ಹೇಳ್ತೀನಿ. ನಿನ್ನ ಬೈಯಲ್ಲ."

ನಾನು ಸುಮ್ಮನಿದ್ದರೆ ಗುರುವಾರ ಕೆಂದ ತಾನಾಗಿ ಬರುತ್ತಾನೆ, ಅಜ್ಜಿ ಕಣ್ತುಂಬಾ ನೋಡುತ್ತಾಳೆ, ಅಪ್ಪ ತಲೆಯೆತ್ತಿ ನಡೆಯುತ್ತಾನೆ. ಬಾವ ಮಾತ್ರ ಈಗ, ಈ ನಿಮಿಷ, ಎಲ್ಲರ ಕಣ್ಣೆದುರು ಆ ಜೀಪು ಹತ್ತುತ್ತಾನೆ, ಆಮೇಲೆ ಬಿಟ್ಟರೂ ಕಳ್ಳ ಅನ್ನುವ ಹೆಸರು ಬಿಡುವುದಿಲ್ಲ. ನಾನು ಬಾಯಿಬಿಟ್ಟರೆ, ಕೆಂದ ಆ ಶೆಡ್ಡಿನ ಹತ್ತಿರ ಇದ್ದಾನೆ ಅಂತಷ್ಟೇ ಹೇಳಿದರೂ, ಆ ಹಿರಿಯರ ಮುಂದೆ ನಿಲ್ಲುವವನು ನನ್ನ ಅಪ್ಪ.

"ಹಲೋ? ಹಲೋ, ಯಾರು ಮಾತಾಡೋದು?" ಫೋನಿನಲ್ಲಿ ಯಾರದೋ ಮುದಿ ದನಿ ಕೇಳುತ್ತಿತ್ತು.

ಅತ್ತೆ ಅಂಗೈ ತೆಗೆದು ಫೋನನ್ನು ಕಿವಿಗಿಟ್ಟುಕೊಂಡು ನನ್ನ ತುಟಿಗಳನ್ನೇ ನೋಡುತ್ತಾ ನಿಂತಳು.

ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ?